ಗಂಡಿಕೋಟೆಯ ಏಕದಿನ ದಿಗ್ವಿಜಯ

ನಮ್ಮ ಸಂಘದ ಈ ಮಾಸಪತ್ರಿಕೆಯ ಹಿಂದಿನ ಸಂಚಿಕೆಯೊಂದರಲ್ಲಿ ತರುಣ ಮಿತ್ರರೊಬ್ಬರು ಗಂಡಿಕೋಟೆಯ ಕಂದರವನ್ನು ಒಂದೇ ದಿನದಲ್ಲಿ ನೋಡಿಬಂದ ವೃತ್ತಾಂತವನ್ನು ಬಹು ಉತ್ಸಾಹದಿಂದ ಬರೆದಿರುವರು. ಅವರ ಭಾಷೆ ಸರಳವಾಗಿದೆ. ಉತ್ಸಾಹವು ವಯಸ್ಸಿಗೆ ತಕ್ಕದ್ದಾಗಿದೆ. ಅದನ್ನು ಓದಿ ಇನ್ನೂ ಹತ್ತು ಮಂದಿ ಹಾಗೆಯೇ ಹೊರಡುವ ಸಂಭವವುಂಟು. ಅವರು ಹೊರಡುವುದಕ್ಕೆ ಮುಂಚೆ ನಾನು ನಾಲ್ಕು ಮಾತುಗಳನ್ನು ಹೇಳದೆ ಇದ್ದರೆ ಮೂವತ್ತನಾಲ್ಕು ವರ್ಷ ಪಾಠ ಹೇಳಿ ತಿಂದ ಅನ್ನಕ್ಕೆ ದ್ರೋಹ ಮಾಡಿದಂತಾದೀತೆಂದು ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿರುವೆನು. ಲೇಖಕ ಮಿತ್ರರಲ್ಲಿ ನನಗೆ ಯಾವ ವೈಷಮ್ಯವೂ ಇಲ್ಲ. ಅವರು ಪ್ರತಿಪಾದಿಸಿದ ಮತದಲ್ಲಿ ಮಾತ್ರ ನನಗೆ ಆಕ್ಷೇಪವುಂಟು.

ಶಾಸ್ತ್ರದಲ್ಲಿ ಮೊದಲು ಪೂರ್ವಪಕ್ಷವನ್ನು ಯಥಾವತ್ತಾಗಿ ಹೇಳಿ, ಅನಂತರವೇ ಸಿದ್ಧಾಂತವನ್ನು ಹೇಳಬೇಕೆಂಬ ನಿಯಮವಿದೆ. ಎದುರಾಳಿಯ ಮಾತನ್ನು ಕುಂಟು ಮಾಡಿ ನಿಲ್ಲಿಸಿ ಆಮೇಲೆ ಗೆದ್ದವನು ವಾದಿಯಲ್ಲ. ಆದುದರಿಂದ ಮಿತ್ರರ ಪಕ್ಷವನ್ನು ಅವರಿಗೆ ಸಮ್ಮತವಾಗುವಂತೆಯೇ ಹೇಳುವೆನು. ಗಂಡಿಕೋಟೆಯು ಭಾರತದ 'ಗ್ರ್ಯಾಂಡ್ ಕ್ಯಾನ್ಯನ್' ಆಗಿದೆ, ಇದು ಒಂದನೆಯದು. ಬೆಂಗಳೂರಿನಿಂದ ಅದು ಸುಮಾರು 280 ಕಿಲೋಮೀಟರು. ಹೆದ್ದಾರಿಯು ಉತ್ತಮವಾಗಿರುವುದರಿಂದ ಬೆಳಗಿನ ಜಾವ ಹೊರಟರೆ ದಾರಿಯಲ್ಲಿ ಲೇಪಾಕ್ಷಿಯನ್ನೂ, ಆಚೆಗೆ ಬೇಲಂ ಗುಹೆಯನ್ನೂ ಸೇರಿಸಿಕೊಂಡು ಅದೇ ರಾತ್ರಿ ಮನೆಗೆ ಹಿಂದಿರುಗಬಹುದು, ಇದು ಎರಡನೆಯದು. ಉದ್ಯೋಗದಲ್ಲಿರುವ ಬಡಜೀವಕ್ಕೆ ಸಿಕ್ಕುವುದು ಒಂದು ಭಾನುವಾರ. ಅದರಲ್ಲಿ ಇಷ್ಟನ್ನು ನೋಡಿದುದೇ ಲಾಭ, ಇದು ಮೂರನೆಯದು. ಯಾತ್ರಿಕರು ಬರುವುದರಿಂದ ಆ ಬಡ ಸೀಮೆಯ ಜನರಿಗೆ ಜೀವನೋಪಾಯವಾಗುವುದು, ಇದು ನಾಲ್ಕನೆಯದು. "ಇದನ್ನು ಆಕ್ಷೇಪಿಸುವವರು ಮೋಟಾರು ನಡೆಸಲಾರದ ವೃದ್ಧರು" ಎಂಬ ಐದನೆಯ ಮಾತನ್ನು ಮಿತ್ರರು ಬಾಯಿಬಿಟ್ಟು ಹೇಳಿಲ್ಲ. ಆದರೆ ಸಾಲುಗಳ ನಡುವೆ ಅದು ಇಣುಕುತ್ತಿದೆ.

ಐದನೆಯದಕ್ಕೆ ಮೊದಲು ಉತ್ತರ ಹೇಳಿಬಿಡುವೆನು. ನಾನು ಮನೆಯ ಜಗುಲಿಯ ಮೇಲೆ ಕುಳಿತು ಬರೆಯುತ್ತಿಲ್ಲ. ಕಳೆದ ಮಾರ್ಗಶಿರದಲ್ಲಿ ನನ್ನ ಮಗಳ ಮಗನೂ ಅವನ ಇಬ್ಬರು ಸ್ನೇಹಿತರೂ ಬೆಂಗಳೂರಿನಿಂದ ಬಂದು, ಬೆಳಗಿನ ಜಾವ ಐದು ಗಂಟೆಗೆ ಚಿಕ್ಕಬಳ್ಳಾಪುರದಲ್ಲಿ ನನ್ನನ್ನು ಕಾರಿಗೆ ಹತ್ತಿಸಿಕೊಂಡು ಹೋದರು. ಅದೇ ದಾರಿ, ಅದೇ ಕಂದರ, ಅದೇ ಏಕದಿನದ ದಿಗ್ವಿಜಯ. ಹುಡುಗರು ನನ್ನನ್ನು ದೇವರ ಉತ್ಸವಮೂರ್ತಿಯಂತೆ ಜೋಪಾನವಾಗಿ ಕರೆದೊಯ್ದು ಕರೆತಂದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಕೊರತೆ ಎಲ್ಲಿತ್ತೆಂಬುದೇ ಈ ಲೇಖನದ ವಿಷಯ.

ಮೊದಲನೆಯದಾಗಿ ಹೆಸರಿನ ವಿಚಾರ. ಅಮೆರಿಕದ ಕೊಲರಾಡೋ ನದಿಯು ಕೊರೆದ ಆ ಮಹಾಕಂದರವು 446 ಕಿಲೋಮೀಟರು ಉದ್ದವಿದೆ. ಕೆಲವೆಡೆ ಅದರ ಅಗಲ 29 ಕಿಲೋಮೀಟರು. ಆಳ 1,800 ಮೀಟರಿಗೂ ಮಿಗಿಲು. ನಮ್ಮ ಗಂಡಿಕೋಟೆಯ ಕಂದರದ ಆಳವು ಸುಮಾರು 300 ಅಡಿ. ಇವೆರಡಕ್ಕೂ ಸಾಮ್ಯ ಹೇಳುವುದು ಉಪಮಾಲಂಕಾರವಲ್ಲ, ದೀನತೆ. ಸ್ವಂತ ಹೆಸರಿಲ್ಲದ ಬಡವನು ಧನಿಕನ ದೂರದ ನೆಂಟನೆಂದು ಹೇಳಿಕೊಳ್ಳುವಂತೆ, ನಮ್ಮ ಸೀಮೆಯ ಒಂದು ಅದ್ಭುತಕ್ಕೆ ಪರದೇಶದ ಬಿರುದನ್ನು ತೊಡಿಸಿ ಅದನ್ನು ಚಿಕ್ಕದು ಮಾಡಿದ್ದೇವೆ. ತೆಲುಗಿನಲ್ಲಿ ಗಂಡಿಯೆಂದರೆ ಬೆಟ್ಟವನ್ನು ಸೀಳಿದ ಕಣಿವೆ. ಆ ಗಂಡಿಯ ಮೇಲಿನ ಕೋಟೆಯೇ ಗಂಡಿಕೋಟೆ. ಇದಕ್ಕಿಂತ ಸಹಜವಾದ, ಸತ್ಯವಾದ ಹೆಸರು ಬೇರೆ ಬೇಕೆ?

ಅಲ್ಲಿಯ ಕಲ್ಲಿನ ವಿಚಾರವನ್ನಾದರೂ ಕೇಳಿ. ಎರ್ರಮಲೆ ಬೆಟ್ಟಗಳ ಆ ಕೆಂಪು ಬೆಣಚುಕಲ್ಲಿನ ಪದರಗಳು ಕೋಟ್ಯಂತರ ವರ್ಷಗಳಷ್ಟು ಹಿಂದಿನವು. ಒಂದು ಕಾಲದಲ್ಲಿ ನೀರಿನ ತಳದಲ್ಲಿ ಹಾಸಿದ ಮರಳು ಗಟ್ಟಿಯಾಗಿ ಕಲ್ಲಾಗಿ, ಮೇಲೆದ್ದು, ಮತ್ತೆ ನೀರಿನಿಂದಲೇ ಸೀಳಿದೆ. ಭೂವಿಜ್ಞಾನಿಗಳು ಕಡಪ ಸೀಮೆಯ ಈ ಶಿಲಾಸ್ತೋಮವನ್ನು ವರ್ಗೀಕರಿಸುವಾಗ ಒಂದು ವರ್ಗಕ್ಕೆ ಪಾಪಘ್ನಿ ಎಂದೂ, ಮತ್ತೊಂದಕ್ಕೆ ಚಿತ್ರಾವತಿ ಎಂದೂ ಹೆಸರಿಟ್ಟಿದ್ದಾರೆ. ಗಂಡಿಕೋಟೆಯ ಬೆಣಚುಕಲ್ಲು ಚಿತ್ರಾವತಿಯ ವರ್ಗಕ್ಕೆ ಸೇರಿದ್ದು. ಈ ಪಾಪಘ್ನಿ, ಈ ಚಿತ್ರಾವತಿ ಯಾರು? ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಆಂಧ್ರಕ್ಕೆ ಹರಿದುಹೋದ ಹೆಣ್ಣುಮಕ್ಕಳು. ಇಬ್ಬರೂ ಕೊನೆಗೆ ಸೇರುವುದು ಪಿನಾಕಿನಿಯನ್ನು. ಚಿತ್ರಾವತಿಯಂತೂ ಗಂಡಿಕೋಟೆಗೆ ಮೇಲ್ಗಡೆಯಲ್ಲೇ ಸೇರುವಳು. ಆ ಕಲ್ಲನ್ನು ಸೀಳಿದ ಪಿನಾಕಿನಿಯಾದರೋ, ತೆಲುಗರು ಪೆನ್ನ ಎಂದು ಕರೆಯುವ ಆ ತಾಯಿ, ನಂದಿಯ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿದವಳು. ಗೌರಿಬಿದನೂರಿನ ಮೇಲೆ ಹರಿದು, ಹಿಂದೂಪುರದ ಸೀಮೆಯನ್ನು ಹೊಕ್ಕು, ಪಾವಗಡದಲ್ಲಿ ತೌರನ್ನು ಇನ್ನೊಮ್ಮೆ ಮುಟ್ಟಿ, ಆಮೇಲೆ ಅನಂತಪುರ, ಕಡಪ, ನೆಲ್ಲೂರುಗಳನ್ನು ದಾಟಿ, ಒಟ್ಟು 597 ಕಿಲೋಮೀಟರು ನಡೆದು ಸಮುದ್ರವನ್ನು ಸೇರುವಳು. ಅದರಲ್ಲಿ ನಮ್ಮ ನಾಡಿನಲ್ಲಿ ನಡೆಯುವುದು ಸುಮಾರು 61 ಕಿಲೋಮೀಟರು ಮಾತ್ರ.

ಮಿತ್ರರ ಲೇಖನದಲ್ಲಿ ಪೆಟ್ರೋಲಿನ ವೆಚ್ಚವಿದೆ. ಹೋಟೆಲಿನ ಇಡ್ಲಿಯ ಮೃದುತ್ವವಿದೆ. ಸೂರ್ಯನ ಬಿಸಿಲು ಯಾವ ಗಂಟೆಗೆ ಯಾವ ಬಂಡೆಯ ಮೇಲೆ ಬಿದ್ದರೆ ಫೋಟೋ ಚೆನ್ನಾಗಿ ಬರುವುದೆಂಬ ವಿವರವಿದೆ. ಕೆಳಗೆ ಹರಿಯುವ ನದಿ ಎಲ್ಲಿಯದೆಂಬ ಒಂದು ಮಾತಿಲ್ಲ. ಇದು ಅವರೊಬ್ಬರ ದೋಷವಲ್ಲವೆಂಬುದಕ್ಕೆ ನನ್ನ ಮನೆಯ ದೃಷ್ಟಾಂತವನ್ನೇ ಕೊಡುವೆನು.

ನಾವು ಬಾಗೇಪಲ್ಲಿಯ ಬಳಿ ಚಿತ್ರಾವತಿಯನ್ನು ದಾಟಿದಾಗ ಹುಡುಗರು ನಿದ್ರಿಸುತ್ತಿದ್ದರು. ನಡೆಸುತ್ತಿದ್ದವನು ಎಚ್ಚರವಾಗಿದ್ದನು, ಆದರೆ ಸೇತುವೆಯು ಅವನಿಗೆ ಹೆದ್ದಾರಿಯ ಒಂದು ತುಂಡು. ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು, ಎಲ್ಲವೂ ಆ ಫೋನಿನ ನಕಾಶೆಯಲ್ಲಿ ನೀಲಿ ಗೆರೆಯ ಮೇಲೆ ಹಿಂದಕ್ಕೆ ಸರಿದವು. ಹನ್ನೊಂದು ಗಂಟೆಗೆ ಕೋಟೆಯ ಬಾಗಿಲನ್ನು ಹೊಕ್ಕೆವು. ಪೆಮ್ಮಸಾನಿ ನಾಯಕರು ವಿಜಯನಗರದ ಸಾಮಂತರಾಗಿ ಆಳಿದ ಕೋಟೆ. 1650ರಲ್ಲಿ ಗೋಲ್ಕೊಂಡದ ಮೀರ್ ಜುಮ್ಲಾ ಹಿಡಿದ ಕೋಟೆ. 1652ರಲ್ಲಿ ಫ್ರಾನ್ಸ್ ದೇಶದ ರತ್ನವರ್ತಕ ತಾವೆರ್ನಿಯೆ ಆ ಮೀರ್ ಜುಮ್ಲಾನನ್ನು ಕಾಣಲು ಬಂದು, ಕಂಡುದನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟ ಕೋಟೆ. ಒಳಗೆ ಮಾಧವರಾಯನ ಗುಡಿಯ ಗೋಪುರ, ರಂಗನಾಥನ ಗುಡಿ, ಜುಮ್ಮಾ ಮಸೀದಿ, ದೊಡ್ಡ ಕಣಜ ಇವೆ. ಇವೆಲ್ಲವನ್ನೂ ದಾಟಿ ಬಂಡೆಗಳ ಮೇಲೆ ಏರಿ ಕಂದರದ ಅಂಚಿಗೆ ಹೋದೆವು. ಬೇಲಂ ಗುಹೆಗೆ ಹೊತ್ತಾಗುವುದೆಂದು ಅಲ್ಲಿಂದ ಹೊರಟೆವು. ಅಂಚಿನಲ್ಲಿ ನಾವು ಇದ್ದುದು ನನ್ನ ಗಡಿಯಾರದಂತೆ ನಲವತ್ತು ನಿಮಿಷ. ಹೋಗಿ ಬರಲು ಹಿಡಿದುದು ಹದಿನೈದು ಗಂಟೆ.

ಆ ನಲವತ್ತು ನಿಮಿಷದಲ್ಲಿ ನಡೆದುದನ್ನು ಹೇಳಬೇಕು. ಹುಡುಗರಲ್ಲೊಬ್ಬನು ಫೋನನ್ನು ಕೋಲಿಗೆ ಸಿಕ್ಕಿಸಿ, ಕಂದರಕ್ಕೆ ಬೆನ್ನು ಮಾಡಿ, ಚಿತ್ರದಲ್ಲಿ ನೀರೂ ಬರಲೆಂದು ಹಿಂದಕ್ಕೆ ಒಂದೊಂದೇ ಹೆಜ್ಜೆ ಇಡುತ್ತಿದ್ದನು. ನಾವು ನಿಂತೆಡೆಯಲ್ಲಿ ಕಟಕಟೆಯಾಗಲಿ ತಂತಿಯಾಗಲಿ ಇರಲಿಲ್ಲ. "ಆಗು ಬಾಬೂ, ಆಗು!" ಎಂದು ಯಾರೋ ಕೂಗಿದರು. ಮೇಕೆ ಕಾಯುವ ಒಬ್ಬ ಮುದುಕನು ಓಡಿಬಂದು ಹುಡುಗನ ತೋಳನ್ನು ಹಿಡಿದು ಈಚೆಗೆ ಎಳೆದನು. ಅವನ ಹಿಮ್ಮಡಿಗೂ ಶೂನ್ಯಕ್ಕೂ ನಡುವೆ ಒಂದು ಮೊಳವಿತ್ತೋ ಇಲ್ಲವೋ. ಹುಡುಗನು ನಕ್ಕನು; ಅವನ ಮುಖ ಮಾತ್ರ ಬಿಳಿಚಿತ್ತು. ನನ್ನ ಎದೆಯು ಈಗಲೂ ಅದನ್ನು ನೆನೆದರೆ ನಡುಗುವುದು. ಇವನ ತಾಯಿಗೆ ನಾನೇನು ಉತ್ತರ ಹೇಳುತ್ತಿದ್ದೆ?

ಆ ಮುದುಕನಿಗೆ ಕೈಮುಗಿದು ಮಾತನಾಡಿಸಿದೆನು. ನಮ್ಮ ಸೀಮೆಯವರಿಗೆ ತೆಲುಗು ಅನ್ಯಭಾಷೆಯಲ್ಲವಷ್ಟೆ. "ಸ್ವಾಮೀ, ಯಾವೂರಿನವರು?" ಎಂದು ಕೇಳಿದನು. ನಂದಿಯ ಕಡೆಯವರೆಂದು ಹೇಳಿದೆನು. ಅವನ ಮುಖವು ಅರಳಿತು. "ಹಾಗಾದರೆ ಪೆನ್ನಮ್ಮನ ತೌರಿನವರು!" ಎಂದನು. ಅಕ್ಷರ ಬಾರದ ಆ ಗೋಪಾಲಕನಿಗೆ ತಿಳಿದ ಮಾತು ನಮ್ಮ ಕಾರಿನಲ್ಲಿದ್ದ ಮೂವರು ಎಂಜಿನಿಯರುಗಳಿಗೆ ತಿಳಿದಿರಲಿಲ್ಲ. "ತೌರಿನಲ್ಲಿ ನೀರಿದೆಯೇ ಸ್ವಾಮೀ?" ಎಂದು ಮರುಪ್ರಶ್ನೆ ಕೇಳಿದನು. ನಾನು ಉತ್ತರ ಹೇಳಲಿಲ್ಲ. ಅವನೇ ಕೆಳಗಿನ ನೀರನ್ನು ಕೈಮಾಡಿ ತೋರಿಸಿ, "ಇದು ಕೃಷ್ಣಮ್ಮನ ನೀರು" ಎಂದನು. ತನ್ನ ಊರು ಜಲಾಶಯದಲ್ಲಿ ಮುಳುಗಿತೆಂದೂ, ಈಗ ಹೊಸ ಕಾಲೊನಿಯಲ್ಲಿರುವೆನೆಂದೂ ಹೇಳಿ ಮೇಕೆಗಳ ಹಿಂದೆ ಹೋದನು.

ವಾಚಕರು ಇದನ್ನು ಗಮನಿಸಬೇಕು. ಕಂದರಕ್ಕೆ ಮೇಲ್ಗಡೆ ಗಂಡಿಕೋಟೆಯ ಜಲಾಶಯವಿದೆ. ಕೆಳಗಡೆ ಮೈಲವರಂ ಜಲಾಶಯವಿದೆ. ನಾವು ಅಂಚಿನಲ್ಲಿ ನಿಂತು 'ಆಹಾ' ಎನ್ನುವ ಆ ಹಸುರು ನೀರು ಮೈಲವರಂ ಕಟ್ಟೆಯು ಹಿಂದಕ್ಕೆ ನಿಲ್ಲಿಸಿದ ನೀರು. ಮೇಲಿನ ಜಲಾಶಯಕ್ಕಾದರೋ ಗಾಲೇರು–ನಗರಿ ಕಾಲುವೆಯ ಮೂಲಕ ಶ್ರೀಶೈಲದಿಂದ ಕೃಷ್ಣೆಯ ನೀರನ್ನು ತರುತ್ತಾರೆ. ಕಲ್ಲನ್ನು ಸೀಳಿದವಳು ಪಿನಾಕಿನಿ. ಆ ಸೀಳಿನಲ್ಲಿ ಇಂದು ನಿಂತಿರುವುದು ಬಹುಮಟ್ಟಿಗೆ ಎರವಿನ ನೀರು. ಮನೆ ಕಟ್ಟಿದವಳು ಕಾಣದಾಗಿ ಮನೆ ಮಾತ್ರ ಉಳಿದಿದೆ. ನಾವು ಮನೆಯ ಫೋಟೋ ತೆಗೆದುಕೊಂಡು ಬರುತ್ತಿರುವೆವು.

ಕಟ್ಟಿದವಳು ಏನಾದಳು? ಇದಕ್ಕೆ ಉತ್ತರವನ್ನು ಆಂಧ್ರದಲ್ಲಿ ಹುಡುಕಬೇಕಾಗಿಲ್ಲ. ಹಿಂದಿರುಗುವಾಗ ನನ್ನ ಮೊಮ್ಮಗನನ್ನು ಕೇಳಿದೆನು: "ಮಗು, ನಮ್ಮೂರ ಹೊಳೆಯ ಹೆಸರೇನು?" ಅವನು, "ನಮ್ಮೂರಿನಲ್ಲಿ ಹೊಳೆ ಎಲ್ಲಿದೆ ತಾತ?" ಎಂದನು. ಗೌರಿಬಿದನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ಬೇಸಗೆಯ ರಜೆಯಲ್ಲಿ ಅವನು ಚೆಂಡಾಟ ಆಡುತ್ತಿದ್ದ ಬಯಲು ಆ ಹೊಳೆಯ ಪಾತ್ರ. ಜಾಲಿ ಬೆಳೆದು, ಮರಳು ಹೋಗಿ, ಹಳ್ಳ ಬಿದ್ದ ಬಯಲು. ನಾನು ಅವನ ವಯಸ್ಸಿನಲ್ಲಿ ಅಲ್ಲಿಯೇ ಈಜು ಕಲಿತೆನು. ಮಳೆಗಾಲದ ಕೆಲವು ವಾರಗಳನ್ನು ಬಿಟ್ಟರೆ ಇಂದು ಅಲ್ಲಿ ನೀರಿಲ್ಲ. ಎಷ್ಟೋ ವರ್ಷಗಳಲ್ಲಿ ಆ ವಾರಗಳೂ ಇಲ್ಲ. 2021ರ ನವೆಂಬರಿನ ಮಹಾಮಳೆಯಲ್ಲಿ ಪಿನಾಕಿನಿಯು ಎರಡು ದಡ ತುಂಬಿ ಬಂದಾಗ, ನಮ್ಮ ಜನರು ಸೇತುವೆಯ ಮೇಲೆ ನಿಂತು ಅದನ್ನು ಪರದೇಶದ ಅತಿಥಿಯಂತೆ ನೋಡಿದರು. ಸಾವಿರ ಅಡಿಯ ಆಚೆಗೂ ಕೊಳವೆಬಾವಿ ಕೊರೆದು ನೀರೆತ್ತಿದವರು ನಾವು. ಕೆರೆಗೆ ನೀರು ತರುವ ರಾಜಕಾಲುವೆಗಳನ್ನು ಹೊಲಕ್ಕೆ ಸೇರಿಸಿಕೊಂಡವರು ನಾವು. ಗುಡ್ಡಗಳಿಗೆ ನೀಲಗಿರಿಯನ್ನು ಹೊದಿಸಿದವರು ನಾವು. ಮರಳನ್ನು ಲಾರಿಗೆ ತುಂಬಿದವರು ನಾವು. ತಾಯಿಯನ್ನು ಮನೆಯಲ್ಲಿ ಬಾಯಾರಿಸಿ ಮಲಗಿಸಿ, ಆಕೆ ಯೌವನದಲ್ಲಿ ಮಾಡಿದ ಸಾಹಸವನ್ನು ನೋಡಲು 280 ಕಿಲೋಮೀಟರು ಓಡುತ್ತಿರುವೆವು. ಇದನ್ನು ಪ್ರಕೃತಿಪ್ರೇಮವೆಂದು ಹೇಗೆ ಕರೆಯುವುದು?

ಇಲ್ಲಿ ನನ್ನ ದೋಷವನ್ನೂ ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ವಾದವು ಪಕ್ಷಪಾತವಾಗುವುದು. ಪಾಠಶಾಲೆಯಲ್ಲಿ ಕಲಿತಂದಿನಿಂದ ನಾನು ಸ್ನಾನಕಾಲದಲ್ಲಿ ಏಳು ಪುಣ್ಯನದಿಗಳನ್ನು ತಪ್ಪದೆ ಆವಾಹನೆ ಮಾಡುತ್ತ ಬಂದಿರುವೆನು. ಆ ಏಳರಲ್ಲಿ ಪಿನಾಕಿನಿಯಿಲ್ಲ. ಕೊಳವೆಬಾವಿಯ ನೀರಿನ ಬಕೀಟಿನಲ್ಲಿ ಗಂಗೆಯನ್ನೂ ಸಿಂಧುವನ್ನೂ ಕರೆದೆನೇ ಹೊರತು, ಊರ ಹೊಳೆಯನ್ನು ಒಂದು ದಿನವೂ ಕರೆಯಲಿಲ್ಲ. ಶಾಲೆಯಲ್ಲಿ ಗೋಡೆಯ ನಕಾಶೆಯ ಮೇಲೆ ಬೆತ್ತವಿಟ್ಟು ಬ್ರಹ್ಮಪುತ್ರೆಯ ಉಪನದಿಗಳನ್ನು ಬಾಯಿಪಾಠ ಮಾಡಿಸಿದೆನು. ಚೆನ್ನಕೇಶವ ಬೆಟ್ಟಕ್ಕೆ ಒಂದು ತರಗತಿಯನ್ನೂ ಕರೆದುಕೊಂಡು ಹೋಗಲಿಲ್ಲ. ನನ್ನ ಮೊಮ್ಮಗನ ಅಜ್ಞಾನಕ್ಕೆ ನಾನೇ ಮೊದಲ ಗುರು. ಲೇಖಕ ಮಿತ್ರರಿಗೂ ನನ್ನಂಥವನೊಬ್ಬನು ಪಾಠ ಹೇಳಿರಬೇಕು.

ಈಗ ಎರಡನೆಯ ಮೂರನೆಯ ಪಕ್ಷಗಳಿಗೆ ಬರುವೆನು. ಒಂದು ದಿನವೇ ಸಿಕ್ಕಿದರೆ ಏನು ಮಾಡಬೇಕು? ನಮ್ಮ ಪೂರ್ವಿಕರು ಪ್ರಯಾಣವನ್ನು ಅರಿಯದವರಲ್ಲ. ನರ್ಮದೆಯ ಪರಿಕ್ರಮೆಯನ್ನು ಇಂದಿಗೂ ಕಾಲ್ನಡೆಯಲ್ಲಿ ಮಾಡುವವರುಂಟು. ಸಂಪ್ರದಾಯದಂತೆ ಅದಕ್ಕೆ ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನಗಳು. ಅಷ್ಟು ಕಾಲ ನಮಗಿಲ್ಲ, ನಿಜ. ಆದರೆ ಆ ಸಂಪ್ರದಾಯದಲ್ಲಿ ಕಾಲ ಬೇಡದ ಒಂದು ವಿಧಿಯಿದೆ. ಯಾವ ತೀರ್ಥದಲ್ಲಿ ಮುಳುಗುವುದಕ್ಕೂ ಮುಂಚೆ ಸಂಕಲ್ಪ ಮಾಡಬೇಕು. ಯಾವ ದೇಶ, ಯಾವ ನದಿಯ ಯಾವ ತೀರ, ಯಾವ ಸಂವತ್ಸರ, ಯಾವ ಋತು, ಯಾರ ವಂಶದ ಯಾರು ನಾನು ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಸ್ನಾನ. ನಿಂತ ನೆಲವನ್ನು ಹೆಸರಿಸಲಾರದವನಿಗೆ ಅಲ್ಲಿ ಅಧಿಕಾರವಿಲ್ಲವೆಂಬುದು ಅದರ ತಾತ್ಪರ್ಯ. ಅದಕ್ಕೆ ಹಿಡಿಯುವ ಕಾಲ ಎರಡು ನಿಮಿಷ. ದೇವರಲ್ಲಿ ನಂಬಿಕೆಯಿಲ್ಲದವರೂ ಇಷ್ಟನ್ನು ಮಾಡಬಹುದು. ಇದನ್ನು ಮಾಡದೆ ಒಂದು ದಿನದಲ್ಲಿ ಮೂರು ಸ್ಥಳ ನೋಡಿದವನು ಮೂರನ್ನೂ ನೋಡಲಿಲ್ಲ. ಮೂರು ಕಡೆ ತನ್ನನ್ನೇ ನೋಡಿಕೊಂಡನು. ಫೋನಿನ ಚಿತ್ರಗಳನ್ನು ಪರೀಕ್ಷಿಸಿದರೆ ಇದು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧವಾಗುವುದು.

ಒಂದೇ ದಿನವಿರುವವರಿಗೆ ನನ್ನ ಸಲಹೆ ಇದು: ಆ ದಿನವನ್ನು ಗಂಡಿಕೋಟೆಗೆ ಕೊಡಬೇಡಿ, ಪಿನಾಕಿನಿಯ ತೌರಿಗೆ ಕೊಡಿ. ಬೆಳಿಗ್ಗೆ ಚೆನ್ನಕೇಶವ ಬೆಟ್ಟದ ತಪ್ಪಲು. ಆಮೇಲೆ ಹೊಳೆಯ ಪಾತ್ರವನ್ನು ಅನುಸರಿಸಿ ಗೌರಿಬಿದನೂರು. ಸಂಜೆಗೆ ಅದೇ ಹೊಳೆಯ ದಡದ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆಂದು ನೆರೆದ ಜನರ ಮೇಲೆ ಗುಂಡು ಹಾರಿದ ಸ್ಥಳ ಅದು. ಇಷ್ಟು ದಾರಿ ಒಂದು ದಿನಕ್ಕೆ ಸಾಕು. ಊಟಕ್ಕೂ ವಿಶ್ರಾಂತಿಗೂ ಹೊತ್ತು ಉಳಿಯುವುದು. ಎರಡು ಮೂರು ದಿನ ಸಿಕ್ಕಿದಾಗ ಮುಂದಕ್ಕೆ ಹೋಗಿ. ತಾಡಿಪತ್ರಿಯಲ್ಲಿ ಪೆನ್ನೆಯ ದಡದ ಬುಗ್ಗ ರಾಮಲಿಂಗೇಶ್ವರನ ಗುಡಿಯ ಕಲ್ಲಿನ ಕೆಲಸವನ್ನು ನೋಡಿ. ಗಂಡಿಕೋಟೆಯಲ್ಲಿ ಒಂದು ರಾತ್ರಿ ಉಳಿದು ಸಂಜೆಯ ಬೆಳಕಿನಲ್ಲೂ ಬೆಳಗಿನ ಬೆಳಕಿನಲ್ಲೂ ಕಂದರವನ್ನು ನೋಡಿ. ಆಗ ಆ ಸೀಳು ಕಲ್ಲಿನ ರಾಶಿಯಾಗಿ ಕಾಣದೆ, ಬಲ್ಲವರ ಮನೆಯಾಗಿ ಕಾಣುವುದು.

ನಾಲ್ಕನೆಯದಾದ ಜೀವನೋಪಾಯದ ಮಾತು ಕೇಳಲು ಹಿತವಾಗಿದೆ. ಅದರ ಲೆಕ್ಕವನ್ನು ನೋಡೋಣ. ನಾವು ನಾಲ್ವರು ತಿಂಡಿ ತಿಂದುದು ಹೆದ್ದಾರಿಯ ದೊಡ್ಡ ಹೋಟೆಲಿನಲ್ಲಿ. ಊಟದ ಪೊಟ್ಟಣವೂ ನೀರಿನ ಬಾಟಲಿಯೂ ಅಲ್ಲಿಯವೇ. ಗಂಡಿಕೋಟೆಯ ಗ್ರಾಮದಲ್ಲಿ ನಾವು ಕೊಂಡುದು ಎರಡು ಎಳನೀರು. ಬಿಟ್ಟುಬಂದುದು, ಹುಡುಗರ ಮರೆವಿನಿಂದ, ಆರು ಖಾಲಿ ಬಾಟಲಿಗಳು. ನಮ್ಮ ಹುಡುಗನ ಪ್ರಾಣ ಉಳಿಸಿದ ಮುದುಕನಿಗೆ ಒಂದು ಲೋಟ ಚಹ ಕೊಡಿಸುವುದಕ್ಕೂ ನಮಗೆ ಪುರಸತ್ತಿರಲಿಲ್ಲ. ಒಂದು ರಾತ್ರಿ ಅಲ್ಲಿ ಉಳಿದು ಅವರ ಅಡಿಗೆಯನ್ನು ಉಂಡಿದ್ದರೆ ಜೀವನೋಪಾಯವೆಂಬ ಮಾತಿಗೆ ಅರ್ಥವಿರುತ್ತಿತ್ತು.

ವಾಹನಗಳನ್ನು ತಡೆದರೆ ಜನರೇ ಬರುವುದಿಲ್ಲವೆಂದು ಕೆಲವರು ಹೇಳುವರು. ಮಿತ್ರರಿಗೆ ಆದರ್ಶವಾದ ಅಮೆರಿಕದಲ್ಲಿಯೇ, ಜಯಾನ್ ಎಂಬ ಕಂದರದಲ್ಲಿ 2000ನೆಯ ಇಸವಿಯಿಂದ ವರ್ಷದ ಬಹುಭಾಗ ಸ್ವಂತ ಕಾರುಗಳನ್ನು ಒಳಕ್ಕೆ ಬಿಡದೆ, ಸಾರ್ವಜನಿಕ ಬಸ್ಸುಗಳಲ್ಲಿಯೇ ಜನರನ್ನು ಕರೆದೊಯ್ಯುತ್ತಾರೆ. ಜನರು ಬರುವುದು ನಿಂತಿಲ್ಲ. ಪರದೇಶದಿಂದ ಬಿರುದನ್ನು ಎರವಲು ತರುವುದಕ್ಕಿಂತ ಈ ವಿವೇಕವನ್ನು ತರುವುದು ಲೇಸು.

ಕಡೆಯಲ್ಲಿ ನಮ್ಮ ಸಂಘದ ಕಾರ್ಯಕಾರಿ ಮಂಡಲಿಯವರಲ್ಲಿ ನನ್ನ ವಿಜ್ಞಾಪನೆ. ಪ್ರತಿ ವರ್ಷ ಉಪನ್ಯಾಸಮಾಲೆಗೆ ಮಾಡುವ ವೆಚ್ಚದಲ್ಲಿ ಒಂದು ಭಾಗವನ್ನು ತೆಗೆದಿಟ್ಟು, ಜಿಲ್ಲೆಯ ಪ್ರೌಢಶಾಲೆಗಳ ಮಕ್ಕಳಿಗಾಗಿ ಒಂದು ಪಿನಾಕಿನೀಯಾತ್ರೆಯನ್ನು ಏರ್ಪಡಿಸಬೇಕು. ಮೊದಲನೆಯ ದಿನ ಉಗಮ. ಎರಡನೆಯ ದಿನ ಬತ್ತಿದ ಪಾತ್ರ. ಮೂರನೆಯ ದಿನ ಗಂಡಿಕೋಟೆ. ಬತ್ತಿದ ಪಾತ್ರವನ್ನು ಬಿಟ್ಟು ಕಂದರವನ್ನು ಮಾತ್ರ ತೋರಿಸಕೂಡದು. ಎರಡನ್ನೂ ಕಂಡ ನೂರು ಮಕ್ಕಳಲ್ಲಿ ಹತ್ತು ಮಂದಿಯಾದರೂ ಮುಂದೆ ತಮ್ಮ ಊರಿನ ರಾಜಕಾಲುವೆಯನ್ನು ಯಾರಾದರೂ ಮುಚ್ಚುವಾಗ ಎದ್ದು ನಿಂತು ಕೇಳುವರೆಂಬ ಭರವಸೆ ನನಗಿದೆ. ಮೊದಲ ಯಾತ್ರೆಯ ಬಸ್ಸಿನ ಬಾಡಿಗೆಗೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಕಾರ್ಯದರ್ಶಿಗಳ ವಶಕ್ಕೆ ಕೊಡಲು ಸಿದ್ಧನಿರುವೆನು. ಲೇಖಕ ಮಿತ್ರರು ಒಪ್ಪಿದರೆ ಮಕ್ಕಳ ಜೊತೆಯಲ್ಲಿ ಅವರೂ ಬರಲಿ. ದಾರಿಯನ್ನು ಅವರು ಚೆನ್ನಾಗಿ ಬಲ್ಲರು.

ಮೇಕೆಯ ಮುದುಕನು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಹೇಳಿಲ್ಲ. ಆ ಮಕ್ಕಳೊಡನೆ ಅಲ್ಲಿಗೆ ಹೋದಾಗ ಅವನು ಮತ್ತೆ ಸಿಕ್ಕಿದರೆ, ತೌರಿನಲ್ಲಿ ನೀರಿಲ್ಲವೆಂಬ ಸತ್ಯವನ್ನೂ, ತೌರಿನವರಿಗೆ ಅದರ ನೆನಪಾಗಿದೆಯೆಂಬ ಸಮಾಚಾರವನ್ನೂ ಒಟ್ಟಿಗೆ ಹೇಳಬೇಕೆಂದಿರುವೆನು. ಮಿಕ್ಕುದನ್ನು ವಿಜ್ಞರಾದ ವಾಚಕರು ವಿಚಾರಿಸತಕ್ಕದ್ದು.